ಗಂಟಲಲ್ಲಿ ಇಲ್ಲದ ಗೊರಟು

ಆಕಳು ಬಾನಿಯ ನೀರಿಗೆ ಬಾಯಿ ಹಾಕುತ್ತಿತ್ತು, ನುಂಗುತ್ತಿರಲಿಲ್ಲ. ಜೊಲ್ಲು ನೂಲಿನಂತೆ ನೆಲದವರೆಗೆ ಇಳಿಯುತ್ತಿತ್ತು. ಅದು ಈಶಾಡ ಮಾವಿನ ಕಾಲ. ಬಾಳೆಗುಳಿ ಹತ್ತಿರದ ನಮ್ಮ ಮನೆಯಲ್ಲಿ ಸಿಪ್ಪೆ, ಗೊರಟು ಎಲ್ಲ ಕೊಟ್ಟಿಗೆಗೇ ಹೋಗುತ್ತವೆ. ಆಯಿ, ಅಂದರೆ ನನ್ನ ಅಮ್ಮ, ಎರಡನೇ ಮಾತೇ ಆಡಲಿಲ್ಲ.

"ಗೊರಟು ಸಿಕ್ಕಂಡದೆ. ಹಗ್ಗ ಹಿಡ್ಕಳಿ," ಎಂದು ಅಪ್ಪನಿಗೆ ಹೇಳಿ, ಬಳೆ ಮೇಲೆ ಸರಿಸಿ, ಮೊಣಕೈವರೆಗೆ ಕೈಯನ್ನು ಅದರ ಬಾಯೊಳಗೆ ಇಳಿಸಿದಳು. ನಾನು ಬಾಗಿಲಲ್ಲಿ ನಿಂತು ಮೊಬೈಲಿನ ಬೆಳಕು ಬಿಟ್ಟಿದ್ದೆ. ಮಾವಿನ ಕಾಲದಲ್ಲಿ ದನ ಕಟ್ಟಿದ ಮನೆಯ ಹೆಂಗಸರು ಒಂದಲ್ಲ ಒಂದು ಸಲ ಮಾಡುವ ಕೆಲಸ ಇದು.

"ಎಂತದೂ ಇಲ್ಲ ಇದ್ರಲ್ಲಿ."

ಕೈ ಹೊರಬಂದಾಗ ಮುಂಗೈ ಮೇಲೆ ಹಲ್ಲು ತಾಗಿದ ಎರಡು ಗೀರು. ಆಮೇಲೆ ಆಕಳು ಕೂಗಿತು. ಕರು ಹಾಕಿದಾಗಿನಿಂದ ನಾವು ಕೇಳಿದ ಧ್ವನಿ ಅದಲ್ಲ. ಒಳಗೆ ಬೇರೆ ಯಾರೋ ಕೂತು ಕೂಗಿದ ಹಾಗಿತ್ತು.

ಮಧ್ಯಾಹ್ನ ಬಂದ ದನದ ಡಾಕ್ಟರು ಕೊಟ್ಟಿಗೆಯ ಹೊಸ್ತಿಲು ದಾಟಲಿಲ್ಲ. ಆಕಳಿಗೆ ಏನಾಗಿದೆ ಎಂದು ಕೇಳಲಿಲ್ಲ. "ಬಾಯಿಗೆ ಯಾರು ಕೈ ಹಾಕಿದ್ರಿ?" ಎಂದರು. ಹಿಂದೆ ಯಾವತ್ತೋ ಗದ್ದೆ ಬದಿಯಲ್ಲಿ ಒಂದು ಬೀದಿನಾಯಿ ಅದರ ಕಾಲಿಗೆ ಬಾಯಿ ಹಾಕಿದ್ದು ಅಪ್ಪನಿಗೆ ಆಗ ನೆನಪಾಯಿತು. ಡಾಕ್ಟರು ಹುಚ್ಚುನಾಯಿ ರೋಗದ ಹೆಸರು ಹೇಳಿದರು. ಆಯಿಯನ್ನು ನಳದ ಕೆಳಗೆ ಕೂರಿಸಿ, ಸೋಪು ಹಚ್ಚಿ ಕಾಲು ಗಂಟೆ ಕೈ ತೊಳೆಸಿ, ಆ ಕೂಡಲೇ ಆಸ್ಪತ್ರೆಗೆ ಕಳಿಸಿದರು.

ಅಲ್ಲಿ ಗೀರಿನ ಸುತ್ತ ಒಂದು ಔಷಧ ಚುಚ್ಚಿದರು, ಎರಡೂ ತೋಳಿಗೆ ಲಸಿಕೆ ಕೊಟ್ಟರು.

"ಹೊಟ್ಟೆಗೆ ಹದ್ನಾಲ್ಕು ಸೂಜಿ ಅಲ್ದಾ?" ಆಯಿ ಸಿಸ್ಟರನ್ನು ಕೇಳಿದಳು.

"ಅದು ಹಿಂದಿನ ಕಾಲದ್ದು, ಅಮ್ಮಾ. ಈಗ ನಾಲ್ಕು ಸಲ ಬಂದ್ರೆ ಮುಗೀತು. ಇವತ್ತಿನದು ಸೊನ್ನೆ. ಮುಂದೆ ಮೂರು, ಏಳು, ಇಪ್ಪತ್ತೆಂಟು."

"ಸೊನ್ನೆಯಿಂದ ಎಣಿಸೂದು ಯಾವ ಶಾಸ್ತ್ರ ಹೇಳಿ?"

ಸಿಸ್ಟರ್ ನಕ್ಕು ಚೀಟಿಯಲ್ಲಿ ನಾಲ್ಕೂ ತಾರೀಕು ಬರೆದುಕೊಟ್ಟರು. ನಾನು ದಿನಚರಿಗೆ ಇಳಿಸಿಕೊಂಡೆ.

ಮೂರನೇ ದಿನದ ಸೂಜಿ ಆದ ಸಂಜೆಯೇ ಆಕಳು ಸತ್ತಿತು. ಅಪ್ಪ ತೆಂಗಿನ ತೋಟದ ಅಂಚಿನಲ್ಲಿ ಆಳವಾಗಿ ಹೂಳಿಸಿದ. ನಾನು ಕೆಲಸಕ್ಕೆಂದು ಕಾರವಾರಕ್ಕೆ, ಕೋಡಿಬಾಗದ ನನ್ನ ಬಾಡಿಗೆ ಕೋಣೆಗೆ ಮರಳಿದೆ. ಏಳನೇ ದಿನ ಸಂಜೆ ಫೋನ್ ಮಾಡಿ ಸೂಜಿ ಆಯಿತೇ ಎಂದು ಕೇಳಿದೆ.

"ಏಳಕ್ಕೆ ಇನ್ನೂ ಎರಡು ದಿನ ಅದೆ ಅಲ್ದಾ?" ಎಂದಳು ಆಯಿ.

ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ನಮ್ಮ ಮನೆಯಲ್ಲಿ ಮೂರು, ಏಳು, ಹನ್ನೊಂದು ಎಂದು ದಿನ ಎಣಿಸುವುದು ಯಾರಾದರೂ ಸತ್ತಾಗ ಮಾತ್ರ, ಅದೂ ಸತ್ತ ದಿನವನ್ನೇ ಒಂದು ಎಂದು ಹಿಡಿದು. ಆಯಿ ಚೀಟಿ ನೋಡಿರಲಿಲ್ಲ. ತನ್ನ ಸೂಜಿಯ ದಿನಗಳನ್ನು ಆಕಳ ಸಾವಿನಿಂದ ಎಣಿಸುತ್ತ ಕೂತಿದ್ದಳು.

ಮರುದಿನ ಮೊದಲ ಬಸ್ಸಿಗೆ ಬಂದು ಅವಳನ್ನು ಆಸ್ಪತ್ರೆಗೆ ಕರೆದೊಯ್ದೆ. ಹಿಂದಿನ ಎರಡು ಸೂಜಿ ದಂಡವಾಯಿತೇ, ಮೊದಲಿನಿಂದ ಶುರು ಮಾಡಬೇಕೇ ಎಂದು ಸಿಸ್ಟರನ್ನು ಕೇಳಿದೆ.

"ಬೇಡ. ಬಿಟ್ಟಲ್ಲಿಂದ ಮುಂದುವರಿಸೂದು. ಆದ್ರೆ ಇನ್ನು ತಡ ಮಾಡ್ಬೇಡಿ, ಈ ಕಾಯಿಲೆ ಬಂದ ಮೇಲೆ ನಮ್ಮ ಕೈಲಿ ಮದ್ದಿಲ್ಲ."

ಆ ಮಾತಿನ ಕೊನೆಯ ಭಾಗ ಮಾತ್ರ ನಮ್ಮ ಜೊತೆ ಮನೆಗೆ ಬಂತು. ನಾನು ರಜೆ ಹಾಕಿ ಉಳಿದೆ. ಆಯಿ ತಂಬಿಗೆ ಎತ್ತಿದರೆ ಅಪ್ಪ ಮಾತು ನಿಲ್ಲಿಸುತ್ತಿದ್ದ. ನಾನು ಅವಳ ಗಂಟಲನ್ನೇ ನೋಡುತ್ತಿದ್ದೆ. ದಿನಕ್ಕೆ ಎಷ್ಟು ಲೋಟ ನೀರು ಕುಡಿದಳೆಂದು ದಿನಚರಿಯಲ್ಲಿ ಲೋಟಕ್ಕೊಂದು ಗೆರೆ ಎಳೆದಿಡತೊಡಗಿದೆ. ಬರಬರುತ್ತ ಸಂಖ್ಯೆ ಇಳಿಯಿತು. ಒಂದು ದಿನ ಬೆಳಗಿನಿಂದ ಊಟದವರೆಗೆ ಒಂದು ಗೆರೆಯೂ ಬೀಳಲಿಲ್ಲ. ಕೊಟ್ಟಿಗೆಯಲ್ಲಿ ಬಾನಿಯ ನೀರಿನ ಮೇಲೆ ಬಾಯಿ ತೆರೆದು ನಿಂತಿದ್ದ ಆಕಳೇ ಕಣ್ಣ ಮುಂದೆ ಬಂತು. ಆಯಿಯನ್ನು ಹುಡುಕಿಕೊಂಡು ಹಿತ್ತಿಲಿಗೆ ಹೋದೆ. ಬಾವಿಕಟ್ಟೆಯ ಆಚೆ, ಮನೆಗೆ ಬೆನ್ನು ಹಾಕಿ, ಕೊಡಪಾನದಿಂದಲೇ ಗಟಗಟ ಕುಡಿಯುತ್ತಿದ್ದಳು.

"ನಿಮ್ಮೆದುರಿಗೆ ಕುಡಿಯೂಕೆ ಹೆದ್ರಿಕೆ ಆಗ್ತದೆ," ಎಂದಳು ತಿರುಗದೆ. "ನೀವು ನೋಡ್ತಾ ಇದ್ರೆ ಗಂಟಲು ಹಿಡೀತದೆ. ಆಮೇಲೆ ಅದು ನಿಮ್ಮ ನೋಟಕ್ಕೋ, ರೋಗಕ್ಕೋ ನಂಗೇ ಗೊತ್ತಾಗೂದಿಲ್ಲ." ಕೊಡಪಾನ ಕೆಳಗಿಟ್ಟು ಕೇಳಿದಳು, "ಇದನ್ನೂ ಬರ್ಕಂತ್ಯಾ?"

ಬರೆಯಲಿಲ್ಲ. ಆ ದಿನದಿಂದ ಲೋಟದ ಗೆರೆಗಳು ನಿಂತವು, ನೋಡುವುದು ನಿಲ್ಲಲಿಲ್ಲ.

ಕೊನೆಯ ಸೂಜಿಗೆ ಚೀಟಿಯಲ್ಲಿದ್ದ ದಿನವೇ ಹೋದೆವು. ಸಿಸ್ಟರ್ ನಾಲ್ಕನೇ ಗುರುತು ಹಾಕಿದರು. ಮುಂದೆ ಯಾವತ್ತಾದರೂ ಪ್ರಾಣಿ ಕಚ್ಚಿದರೆ ತೊಳೆದು ಬನ್ನಿ, ಆಗ ಎರಡೇ ಸೂಜಿ ಸಾಕು, ಈ ಚೀಟಿ ಇಟ್ಟುಕೊಳ್ಳಿ ಎಂದರು. ಇನ್ನು ಎಷ್ಟು ದಿನ ಹೆದರಬೇಕು ಎಂದು ಕೇಳಿದೆ. "ಹೆದ್ರೂದು ಎಂತಕೆ? ಪೂರ್ತಿ ಆಯ್ತಲ್ಲ," ಎಂದರು.

ಹೊರಗಿನ ಅಂಗಡಿಯಲ್ಲಿ ಆಯಿಗೆ ಕೋಕಂ ಶರಬತ್ತು ಕೊಡಿಸಿದೆ. ಎರಡನೇ ಗುಟುಕಿಗೆ ಅವಳಿಗೆ ಕೆಮ್ಮು ಬಂತು. ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದಳು. ನಾನು ಎದ್ದು ನಿಂತಿದ್ದೆ.

"ಅಡ್ಡ ಹೋಯ್ತು, ಅಷ್ಟೇ. ಹಂಗೆ ನೋಡ್ಬೇಡ," ಎಂದಳು.

ನಾನು ರಸ್ತೆಯ ಕಡೆ ಮುಖ ತಿರುಗಿಸಿದೆ. ಬಸ್ಸೊಂದು ಬಂತು, ನಮ್ಮದಲ್ಲ. ಹಿಂದಿನಿಂದ ಲೋಟವನ್ನು ಕಟ್ಟೆಯ ಮೇಲೆ ಇಟ್ಟ ಶಬ್ದ ಕೇಳಿಸಿತು. ಖಾಲಿ ಲೋಟವೋ ತುಂಬಿದ್ದೋ, ನಾನು ತಿರುಗಿ ನೋಡಲಿಲ್ಲ.