ದನಿ ಕೊಡುತ್ತಿದ್ದ ಬಂಡೆ

ಕಲ್ಲಿಗೆ ಕಲ್ಲು ಬಡಿದಾಗ ಒಂದು ಸುಟ್ಟ ವಾಸನೆ ಬರುತ್ತದೆ. ಹೋದ ವಾರ ಹುಡುಗನೊಬ್ಬ ಬೆನ್ನಿಗೆ ಹಾಸಿಗೆಯಂಥದ್ದೇನೋ ಕಟ್ಟಿಕೊಂಡು ಬಂದು, ದಣಿವಾರಿಸಿಕೊಳ್ಳಲು ನನ್ನ ಮನೆಯ ಮೆಟ್ಟಿಲ ಮೇಲೆ ಕೂತ. ಬಂಡೆ ಹತ್ತುವ ಶೋಕಿಯವನು. ಬಿದ್ದರೆ ಪೆಟ್ಟಾಗದಿರಲೆಂದು ಆ ಹಾಸಿಗೆಯಂತೆ. ಕೂತಲ್ಲೇ ಎರಡು ಬೆಣಚುಕಲ್ಲು ಕುಟ್ಟತೊಡಗಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಮಾವ ನೆನಪಾದರು…

ಮಾವ ಅಂದರೆ ರಕ್ತಸಂಬಂಧವಲ್ಲ, ಮಲಪನಗುಡಿಯಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ್ದ ಮನೆಯವರು. ಪ್ರಾಯವೆಲ್ಲ ಕಲ್ಲು ಒಡೆದೇ ಕಳೆದವರು. ಊರ ಪಕ್ಕದ ಕಾಲುವೆ ಕಟ್ಟಲು ಹೋದ ಕಲ್ಲಿನಲ್ಲೂ ಅವರ ಉಳಿಪೆಟ್ಟಿತ್ತು. ಎಪ್ಪತ್ತರ ದಶಕದ ಕೊನೆಗೆ ಉಳಿ ಕೆಳಗಿಟ್ಟವರು ಸುಮ್ಮನೆ ಕೂರಲಿಲ್ಲ, ಬಂಡೆ ಹತ್ತುವ ಹುಚ್ಚು ಹಚ್ಚಿಕೊಂಡರು. ಊರಾಚೆ ಎರಡು ಬಂಡೆಗಳು ಎದುರುಬದುರು ನಿಂತು, ಅವುಗಳ ತಲೆಯ ಮೇಲೆ ಮೂರನೆಯದೊಂದು ಕೂತಿತ್ತು. ಎತ್ತು ಹೂಡದ ಸೋಮವಾರಗಳಲ್ಲಿ ಇಪ್ಪತ್ತೈದರ ನಾನೂ ಅವರ ಹಿಂದೆ ಹೋಗುತ್ತಿದ್ದೆ.

ಬರಿಗಾಲು. ಒಂದು ಬಂಡೆಗೆ ಬೆನ್ನು ಕೊಟ್ಟು, ಎದುರಿನದಕ್ಕೆ ಪಾದ ಒತ್ತಿ, ಗೇಣು ಗೇಣಾಗಿ ಮೇಲೇರಬೇಕು. ಕೈ ಇಡುವ ಮೊದಲು ಬೆಣಚುಕಲ್ಲಿನಿಂದ ಬಡಿದು ಕಿವಿಗೊಡಬೇಕು. ಗಂಟೆಯ ಹಾಗೆ ದನಿ ಕೊಟ್ಟರೆ ಕಲ್ಲು ಗಟ್ಟಿ. ದನಿ ಸತ್ತಿದ್ದರೆ ಒಳಗೆ ಪದರ ಬಿಟ್ಟಿದೆ, ಹಿಡಿದರೆ ಕಿತ್ತು ಬರುತ್ತದೆ. ಎಷ್ಟೋ ಸಲ ತಪ್ಪಿ, ಬೈಸಿಕೊಂಡು, ಈ ವಿದ್ಯೆ ಕಲಿತೆ.

ಮೇಲೆ ಕೂತು ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದೆವು. ಕೆಳಗೆ ಕಾಲುವೆ, ಅದರಗುಂಟ ಭತ್ತ, ಕಬ್ಬು.

"ಹೊಟ್ಟಿಪಾಡಿಗೆ ಭಾಳ ಕಲ್ಲು ಒಡದೀನಿ ಲೇ ತಮ್ಮ," ಅಂದಿದ್ದರು ಒಮ್ಮೆ. "ಇದನ್ನ ಮಾತ್ರ ಮುಟ್ಟಿಲ್ಲ. ಒಂದಾದ್ರೂ ಹತ್ತಾಕ ಇರ್ಲಿ."

ಮುಂದೆ ನನ್ನ ಮದುವೆ ಗೊತ್ತಾಯಿತು. ಕಾಲುವೆ ನೀರು ಹರಿದ ಹೊಲದವರೆಲ್ಲ ಮಣ್ಣಿನ ಮನೆ ಕೆಡವಿ ಕಲ್ಲಿನ ಬುನಾದಿ ಹಾಕಿಸುತ್ತಿದ್ದ ಕಾಲ. ನಾನೇನು ಕಮ್ಮಿ? ಕೆಲಸಕ್ಕೆ ಬಂದ ಕಲ್ಲಿನವರು ಬಿರುಕಿಲ್ಲದ ಬಂಡೆ ಬೇಕೆಂದರು. ಅಂಥದ್ದು ಎಲ್ಲಿದೆ ಅಂತ ಊರಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ನಾನೇ ಕರೆದುಕೊಂಡು ಹೋಗಿ, ನಾವು ಹತ್ತುತ್ತಿದ್ದ ಆ ಮೂರನ್ನೂ ಬಡಿದು ತೋರಿಸಿ, ಒಡೆಸಿದೆ. ಮಾವ ಆಗ ಎಂಟು ದಿನ ಸಂಡೂರಿಗೆ, ಮಗಳ ಮನೆಗೆ ಹೋಗಿದ್ದರು. ಬೇಕೆಂತಲೇ ಆ ಎಂಟು ದಿನ ಆರಿಸಿಕೊಂಡೆ. ಈಗ ಸುಳ್ಳು ಯಾಕೆ ಹೇಳಲಿ…

ಊರಿಗೆ ಬಂದ ಮಾವ ಬಂಡೆಯ ಕಡೆ ಹೋಗಲೇ ಇಲ್ಲ, ನೆಟ್ಟಗೆ ನನ್ನ ಬುನಾದಿಯ ಹತ್ತಿರ ಬಂದರು. ಜೇಬಿನ ಬೆಣಚುಕಲ್ಲು ತೆಗೆದು ಒಂದೊಂದೇ ಕಲ್ಲು ಬಡಿದು ನೋಡಿದರು. ಮೆಟ್ಟಿಲಿಗೆಂದು ತೆಗೆದಿಟ್ಟಿದ್ದ ಚಪ್ಪಡಿಯ ಹತ್ತಿರ ಕೈ ನಿಂತಿತು.

"ಚಲೋ ಕಲ್ಲು ಆರಿಸೀರಿ," ಅಂದರು. "ಕಲಿಸಿದ್ದು ದಂಡ ಆಗ್ಲಿಲ್ಲ ಬಿಡ್ರಿ."

ಅದುವರೆಗೆ 'ಲೇ' ಅನ್ನುತ್ತಿದ್ದವರು ಅಂದಿನಿಂದ ನನಗೆ ಬಹುವಚನ ಹಚ್ಚಿದರು. ಆಮೇಲೆ ಹತ್ತಾರು ವರ್ಷ ಪಕ್ಕದಲ್ಲೇ ಬದುಕಿದರು, ನನ್ನ ಮೆಟ್ಟಿಲು ತುಳಿಯಲಿಲ್ಲ. ಹಬ್ಬಕ್ಕೆ ಹೆಂಡತಿ ಎಷ್ಟು ಕರೆದರೂ ಬೀದಿಯಲ್ಲೇ ನಿಂತು ಹೋಳಿಗೆಯ ತಾಟು ಇಸಿದುಕೊಂಡು ಹೋಗುತ್ತಿದ್ದರು. ಒಮ್ಮೆ ಬಾಯಿಗೆ ಬಂದಂತೆ ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ. ಬೈಯಲಿಲ್ಲವೆಂದೇ ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟು. ಅವರು ತೀರಿಕೊಂಡ ದಿನ ಚಟ್ಟಕ್ಕೆ ಹೆಗಲು ಕೊಡಲು ಹೋದೆ, ಮಗಳು ನನ್ನ ಮುಖ ನೋಡಿದಳು… ಹಿಂದೆ ಸರಿದು ನಿಂತೆ.

ಹುಡುಗ ಕುಟ್ಟುವುದು ನಿಲ್ಲಿಸಿ, ನೀರು ಕುಡಿದು ಕೇಳಿದ: "ಅಂಕಲ್, ಈ ಊರಲ್ಲಿ ಹತ್ತೋಕೆ ಒಳ್ಳೆ ಬಂಡೆ ಯಾವುದಾದ್ರೂ ಇದೆಯಾ?"

ಅವನು ಅದರ ಮೇಲೆಯೇ ಕೂತಿದ್ದ.

"ಇಲ್ಲಪ್ಪ," ಅಂದೆ. "ಹಂಪಿ ಕಡೆ ಹೋಗ್ರಿ."