ಮೀನುಗಾರರಿಗೆ ಬರೆದ ಸಾಲು

“ಪೇಪರಿನಾಗ ಹವಾ ಭಾಳ ಚೊಲೋ ಅದ ಅಂತ ಬಂದಿತ್ತು. ಆಕಿ ಓದಿ ಹೇಳಿದ್ಲು, ಇಂವ ನಂಬಿ ಹೋದ. ಸಮುದ್ರ ಹೇಳದ ಕೇಳದ ಬಂದು ಒಯ್ತು.”

ಅಣ್ಣನ ಸಾವನ್ನು ನಮ್ಮ ಮನೆತನದಲ್ಲಿ ಹೇಳುವ ಬಗೆ ಇದು. ವರ್ಷಕ್ಕೊಮ್ಮೆ ಅವನ ಶ್ರಾದ್ಧದ ಊಟ ಮುಗಿದು ಅಡಿಕೆಯ ತಟ್ಟೆ ಕೈಯಿಂದ ಕೈಗೆ ಹೋಗುವ ಹೊತ್ತಿಗೆ ನನ್ನ ಅಕ್ಕ ಇದನ್ನು ಹೇಳುತ್ತಾಳೆ, ಕೇಳಿದವರು ತಲೆಯಾಡಿಸುತ್ತಾರೆ. “ಆಕಿ” ಎಂದರೆ ಅಣ್ಣನ ಹೆಂಡತಿ, ನನ್ನ ಅತ್ತಿಗೆ. ಅವರು ಬದುಕಿದ್ದಷ್ಟು ಕಾಲ, ಈ ಮಾತು ಬರುವ ಮೊದಲೇ ಎದ್ದು ಒಳಗೆ ಹೋಗಿ ಪಾತ್ರೆಗಳಿಗೆ ಕೈ ಹಚ್ಚುತ್ತಿದ್ದರು. ಈ ಕಥೆಯನ್ನು ನಾನು ಮೊದಲ ದಿನದಿಂದಲೂ ಒಪ್ಪಿಲ್ಲ. ಒಪ್ಪದಿರುವುದಕ್ಕೆ ಕಾರಣ ಕೊಡುವಷ್ಟು ತಿಳಿಯಲು ಮಾತ್ರ ಬಹಳ ವರ್ಷ ಹಿಡಿಯಿತು.

ಧಾರವಾಡದ ಕಡೆಯಿಂದ ಬಂದ ನಾವು ಪುಣೆಯ ಹಳೆಯ ಪೇಠೆಯೊಂದರ ವಾಡೆಯಲ್ಲಿ ಬಾಡಿಗೆಗಿದ್ದೆವು. ನಡುವೆ ಅಂಗಳ, ಸುತ್ತ ಕಟ್ಟಿಗೆಯ ಮಹಡಿ, ಕೋಣೆಗೊಂದು ಸಂಸಾರ. ಅಣ್ಣನೂ ನಾನೂ ಪಿಂಪರಿಯ ಕಾರ್ಖಾನೆಗಳಲ್ಲಿ ಲೇಥಿನ ಮೇಲೆ ದುಡಿಯುತ್ತಿದ್ದೆವು. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು; ಮುಂದಿನದೆಲ್ಲ ಪೇಠೆಯ ವಾಚನಾಲಯದ ಬೆಂಚಿನ ಮೇಲೆ ಕಲಿತದ್ದು. ಮನೆಯಲ್ಲಿ ಮರಾಠಿ ಶಾಲೆಯಲ್ಲಿ ಓದಿದವರೆಂದರೆ ಅತ್ತಿಗೆ ಒಬ್ಬರೇ. ಅವರ ತವರು ಸೋಲಾಪುರ. ಸಂಜೆ ದೀಪ ಹಚ್ಚಿದ ಮೇಲೆ ಅವರು ಮರಾಠಿ ಪತ್ರಿಕೆಯನ್ನು ಹರವಿಕೊಂಡು ನನ್ನ ತಾಯಿಗೆ ಕನ್ನಡದಲ್ಲಿ ಓದಿ ಹೇಳುತ್ತಿದ್ದರು. ಕಣ್ಣು ಮರಾಠಿಯ ಮೇಲೆ, ಬಾಯಲ್ಲಿ ನಮ್ಮ ಮಾತು. ನಡುವೆ ಒಂದು ತಡೆಯೂ ಇರುತ್ತಿರಲಿಲ್ಲ. ಪತ್ರಿಕೆ ಕನ್ನಡದ್ದೇ ಎಂದು ತಾಯಿ ಎಷ್ಟೋ ಕಾಲ ತಿಳಿದಿದ್ದರು.

ಹೋಳಿ ಮುಗಿದರೆ ತಾಯಿಗೆ ಸಂಡಿಗೆಯ ಚಿಂತೆ. ಅಕ್ಕಿ ನೆನೆಹಾಕುವ ಮೊದಲು ಬಿಸಿಲಿನ ಭರವಸೆ ಬೇಕು. ಪತ್ರಿಕೆಯಲ್ಲಿ ವಾರಕ್ಕೊಮ್ಮೆ ಮುಂದಿನ ದಿನಗಳ ಹವೆಯ ಅಂದಾಜು ಬರುತ್ತಿತ್ತು: ಮೊದಲು ಕೊಂಕಣದ ಕರಾವಳಿ, ಆಮೇಲೆ ಘಟ್ಟದ ಮೇಲಿನ ನಮ್ಮ ಸೀಮೆ. ಕರಾವಳಿಯ ಭಾಗ ಬಂದಾಗ ತಾಯಿ, “ಅದು ಯಾರಿಗೆ ಬೇಕವಾ, ಮುಂದಕ್ಕ ಓದು” ಎನ್ನುತ್ತಿದ್ದರು.

ಆ ವರ್ಷ ಮಾತ್ರ ಕರಾವಳಿಯ ಭಾಗವೇ ಬೇಕಾಯಿತು. ತೊಂಬತ್ತರ ದಶಕದ ನಡುವಿನ ಮಾತು. ಅಣ್ಣ ಜೊತೆಗಾರರೊಡನೆ ಟೆಂಪೋ ಮಾಡಿಕೊಂಡು ಕೊಂಕಣಕ್ಕೆ ಹೊರಟಿದ್ದ. ಐವತ್ತು ದಾಟಿದರೂ ಅವನು ಸಮುದ್ರ ಕಂಡಿರಲಿಲ್ಲ. ಅತ್ತಿಗೆ ಪತ್ರಿಕೆ ಓದಿದ ಆ ಸಂಜೆ ನಾನು ಎರಡನೆಯ ಪಾಳಿಯಲ್ಲಿದ್ದೆ. ಅವರು ಏನನ್ನು ಓದಿದರೆಂದು ನಾನು ಕಿವಿಯಾರೆ ಕೇಳಲಿಲ್ಲ. ಅಣ್ಣ ಹೋದ. ಮೊಣಕಾಲುದ್ದದ ನೀರಿನಲ್ಲಿ ನಿಂತು ನಗುತ್ತಿದ್ದವನನ್ನು ಒಂದು ತೆರೆ ಕೆಡವಿತು, ಅದರ ಹಿಂದಿನ ತೆರೆ ಎಳೆದೊಯ್ದಿತು ಎಂದು ಜೊತೆಗಾರರು ಬಂದು ಹೇಳಿದರು. ಆಕಾಶದಲ್ಲಿ ಒಂದು ಮೋಡವಿರಲಿಲ್ಲ ಎಂದೂ ಹೇಳಿದರು. ಸುದ್ದಿ ಬಂದ ದಿನ ಮಾಳಿಗೆಯ ಮೇಲೆ ಸಂಡಿಗೆ ಗರಿಗರಿಯಾಗಿ ಒಣಗಿತ್ತು. ಅದನ್ನು ಎತ್ತಿಡಲು ಯಾರಿಗೂ ನೆನಪಾಗಲಿಲ್ಲ.

ಅಂದಿನಿಂದ ಅತ್ತಿಗೆ ಪತ್ರಿಕೆಯನ್ನು ಓದಲಿಲ್ಲ. ತಾಯಿಯೂ ಕೇಳಲಿಲ್ಲ. ಬಂದ ಪತ್ರಿಕೆಯನ್ನು ಮಡಿಕೆ ಬಿಚ್ಚದೆ ಕಪಾಟಿನ ಕೆಳಗೆ ತಳ್ಳಿಬಿಡುತ್ತಿದ್ದರು.

ಹವೆಯ ಅಂದಾಜು ಸುಳ್ಳಾಯಿತೆಂಬ ಮಾತು ನನಗೆ ಅಲ್ಲಿಯೇ ಅನುಮಾನ ಹುಟ್ಟಿಸಿತು. ಮೋಡವಿಲ್ಲವೆಂದಿತ್ತು, ಮೋಡವಿರಲಿಲ್ಲ, ಬಿಸಿಲೆಂದಿತ್ತು, ಸಂಡಿಗೆ ಒಣಗಿತು. ಸುಳ್ಳಾದದ್ದು ಯಾವುದು? ರಸ್ತೆ ಬದಿಯಲ್ಲಿ ಹಳೆಯ ಪುಸ್ತಕ ಮಾರುವವನ ಹತ್ತಿರ ಹವಾಮಾನದ ಪಠ್ಯಪುಸ್ತಕವೊಂದು ಸಿಕ್ಕಿತು. ದೂರದ ಸಮುದ್ರದಲ್ಲೆಲ್ಲೋ ಎದ್ದ ಗಾಳಿ ಇಲ್ಲಿಯ ತಿಳಿ ಆಕಾಶದ ಕೆಳಗೆ ದೊಡ್ಡ ತೆರೆಗಳನ್ನು ತರಬಲ್ಲದೆಂದು ಅದರಿಂದ ತಿಳಿಯಿತು. ಆಮೇಲೆ ವಾಚನಾಲಯಕ್ಕೆ ಹೋಗಿ ಆ ವಾರದ ಪತ್ರಿಕೆ ಕೇಳಿದೆ. ಕರಾವಳಿಯ ಭಾಗದಲ್ಲಿ ಒಣ ಹವೆ, ಬಿಸಿಲು, ಸೆಕೆ ಎಂದಿತ್ತು. ಅದರ ಕೆಳಗೆ ಇನ್ನೊಂದು ಸಾಲು: ವಾರದ ನಡುವೆ ಸಮುದ್ರ ಕದಡಿರುತ್ತದೆ, ಮೀನುಗಾರರು ಎಚ್ಚರದಿಂದಿರಬೇಕು.

ಮುಂದಿನ ಶ್ರಾದ್ಧಕ್ಕೆ ಆ ಸಾಲಿನ ನಕಲನ್ನು ತಂದು ಎಲ್ಲರೆದುರು ಓದಿದೆ. ಪತ್ರಿಕೆ ಸುಳ್ಳು ಹೇಳಿರಲಿಲ್ಲ ಎಂದೆ.

“ಪೇಪರಿನಾಗ ಇತ್ತು ಅಂತೀಯಲ್ಲ,” ಎಂದಳು ಅಕ್ಕ, “ಹಂಗಾದ್ರ ಆಕಿ ಯಾಕ ಓದಲಿಲ್ಲ?”

“ಓದಿಲ್ಲ ಅಂತ ನಿನಗ ಯಾರು ಹೇಳಿದರು?”

“ಓದಿದ್ರ ಅವ್ವ ಕಳಸತಿದ್ಲೇನ? ಭಾಳ ಶಾಣ್ಯಾ ಆಗೀ ನೀ. ವಾಚನಾಲಯದಾಗ ಕುಂತು ಕುಂತು ಮನಿ ಮಂದಿ ಬುದ್ಧಿ ಮರತದ ನಿನಗ.”

ಒಳಗಿನಿಂದ ಪಾತ್ರೆಯ ಸದ್ದು ನಿಂತಿತು. ಅತ್ತಿಗೆ ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದರು. “ಅಕ್ಕಾರು ಅನ್ನೂದು ಖರೇ ಅದ. ಬಿಟ್ಟಿರಬೇಕು ನಾನು. ನನಗ ನೆನಪಿಲ್ರಿ,” ಎಂದು ಹೇಳಿ ತಿರುಗಿ ಒಳಗೆ ಹೋದರು.

ಅವರನ್ನು ಬಿಡಿಸಲು ತಂದ ಕಾಗದ ಅವರನ್ನೇ ಕಟ್ಟಿಹಾಕಿತು. ಮುಂದಿನ ವರ್ಷದಿಂದ ಕಥೆಯಲ್ಲಿ ಇನ್ನೊಂದು ಮಾತು ಸೇರಿತು: “ಮುಖ್ಯ ಸಾಲನ್ನ ಬಿಟ್ಟು ಓದಿದ್ಲು.” ತಾಯಿ ಅದನ್ನು ನಂಬಿಯೇ ತೀರಿಕೊಂಡರು.

ಅತ್ತಿಗೆ ಆ ಸಾಲನ್ನು ಓದಿದ್ದರೆಂದು ಹೇಳಬಲ್ಲವರು ಯಾರೂ ಉಳಿದಿರಲಿಲ್ಲವೆಂದು ನಾನು ತಿಳಿದಿದ್ದೆ. ಹೊಸ ಶತಮಾನ ಬಂದು ಕೆಲವು ವರ್ಷಗಳಾಗಿದ್ದವು, ನಾನು ನಿವೃತ್ತನಾಗಿದ್ದೆ. ಆಷಾಢದ ಯಾತ್ರೆಯ ಪಾಲಖಿ ನೋಡಲು ಪುಣೆಯ ಹತ್ತಿರದ ಸಾಸವಡಕ್ಕೆ ಹೋದಾಗ, ನಡೆದು ಹೊರಟ ವಾರಕರಿಗಳಿಗೆ ನೀರು ಕೊಡುತ್ತಿದ್ದ ಮುದುಕಿಯೊಬ್ಬರು ಲೋಟವನ್ನು ನನ್ನ ಕೈಗಿಟ್ಟು ಮುಖ ನೋಡಿದರು. ವಾಡೆಯಲ್ಲಿ ನಮ್ಮ ಕೆಳಗಿನ ಕೋಣೆಯಲ್ಲಿದ್ದವರು, ನಾವೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದವರು. ಅಣ್ಣ ಕೊಂಕಣಕ್ಕೆ ಹೋದ ವಾರವೇ ಅವರು ಕೋಣೆ ಖಾಲಿ ಮಾಡಿ ಮಗಳ ಊರಾದ ಸಾಸವಡಕ್ಕೆ ಬಂದಿದ್ದರು. ಸ್ವಲ್ಪ ದಿನಕ್ಕೆ ವಾಡೆಯೂ ನೆಲಸಮವಾಯಿತು, ಇದ್ದವರೆಲ್ಲ ಚದುರಿದರು. ಅಣ್ಣ ತೀರಿಕೊಂಡದ್ದು ಅವರಿಗೆ ಬಹಳ ತಡವಾಗಿ ತಿಳಿದಿತ್ತು. ಅತ್ತಿಗೆಯ ಮೇಲೆ ಬಂದ ಮಾತು ಮಾತ್ರ ತಿಳಿದಿರಲಿಲ್ಲ. ನಾನು ಹೇಳಿದಾಗ ತಂಬಿಗೆ ಕೆಳಗಿಟ್ಟು ಕಟ್ಟೆಯ ಮೇಲೆ ಕುಳಿತುಬಿಟ್ಟರು. “ಅವಳನ್ನು ಕರೆದುಕೊಂಡು ಬಾ,” ಎಂದರು.

ಕರೆದುಕೊಂಡು ಹೋದೆ. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಕುಳಿತರು. ಕಾಕು ಮರಾಠಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಆ ಸಂಜೆ ನೀನು ಅತ್ತೆಗೆ ಓದುತ್ತಿದ್ದುದನ್ನು ಆ ಸಾಲಿಗೇ ನಿಲ್ಲಿಸಿ, ಪೇಪರನ್ನು ಕೈಯಲ್ಲೇ ಹಿಡಿದು ಕೆಳಗೆ ಬಂದೆ. ಆಕಾಶ ತಿಳಿಯಾಗಿರುತ್ತದೆ ಅಂತಾರೆ, ಸಮುದ್ರ ಕದಡಿರುತ್ತದೆ ಅಂತಾರೆ, ಎರಡೂ ಹೇಗೆ ಕಾಕು ಅಂತ ಕೇಳಿದೆ. ನಾನು ಕೊಂಕಣದಲ್ಲಿ ಹುಟ್ಟಿದವಳು. ಸಮುದ್ರ ನಮ್ಮ ಆಕಾಶ ನೋಡಿ ಏಳೋದಿಲ್ಲ, ನೀರಿಗೆ ಇಳಿಯಬೇಡ ಅಂತ ಅವನಿಗೆ ಹೇಳು ಅಂದೆ. ಅಷ್ಟರಲ್ಲಿ ಅವನೇ ಮೆಟ್ಟಿಲು ಇಳಿದು ಬಂದ. ನೀನು ನನ್ನ ಎದುರಿಗೇ ಹೇಳಿದೆ. ಅವನೇನಂದ, ಮರೆತೆಯಾ? ‘ಕಾಕು, ಅದು ಮೀನುಗಾರರಿಗೆ ಬರೆದದ್ದು. ನನ್ನ ಹತ್ತಿರ ದೋಣಿಯೂ ಇಲ್ಲ, ಬಲೆಯೂ ಇಲ್ಲ. ಶನಿವಾರ ಉಪವಾಸ ಮಾಡೋ ನನ್ನನ್ನು ಮೀನು ಹಿಡಿಯೋಕೆ ಕಳಿಸ್ತೀರಾ?’ ಅಂದ. ಮೂವರೂ ನಕ್ಕೆವು. ನಾನೂ ನಕ್ಕೆ, ಮಗಳೇ.”

ಘಟ್ಟದ ಮೇಲಿನವರು ನಾವು. ಆ ಸಾಲಿನಲ್ಲಿ ನಮ್ಮ ಹೆಸರಿಲ್ಲವೆಂದು ತಿಳಿದೆವು. ಅಣ್ಣ ಮಾಡಿದ ತಪ್ಪು ಇಷ್ಟೇ. ಅದನ್ನು ನಮ್ಮ ಮನೆಯಲ್ಲಿ ಯಾರು ಬೇಕಾದರೂ ಮಾಡುತ್ತಿದ್ದರು.

ಅತ್ತಿಗೆ ಅಳಲಿಲ್ಲ. “ಹಂಗ ಅಂದಿದ್ರಾ ಅವರು?” ಎಂದು ಕೇಳಿ, ಕಾಕುವಿನಿಂದ ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಆ ಸಲ ಅವರ ತುಟಿಯ ಮೇಲೆ ನಗೆ ಬಂದು ಹೋಯಿತು.

ಬಸ್ಸು ದಿವೆ ಘಾಟಿನ ತಿರುವುಗಳನ್ನು ಇಳಿಯುವಾಗ ನಾನು, ಇನ್ನು ಅಕ್ಕನ ಬಾಯಿ ಕಟ್ಟಿತು ಎಂದೆ. ಅತ್ತಿಗೆ ಕಿಟಕಿಯ ಹೊರಗೆ ನೋಡುತ್ತಿದ್ದರು.

“ಬ್ಯಾಡ್ರಿ,” ಎಂದರು. “ಮನಿಯಾಗ ಹೇಳಬ್ಯಾಡ್ರಿ.”

“ಯಾಕ ವೈನಿ? ಇಷ್ಟು ವರ್ಷ ನಿಮ್ಮ ಮ್ಯಾಲ ಹೊರಿಸ್ಯಾರ.”

“ಹೇಳಿದ್ರ ಅದು ನಿಮ್ಮಣ್ಣಾರ ಮ್ಯಾಲ ಹೋಗತದ. ತಿಳಿಸಿ ಹೇಳಿದ್ರೂ ನಕ್ಕೋತ ಹೋಗಿ ಸತ್ತಾ ಅಂತ ಎಲೀ ಮುಂದ ಕುಂತು ಅಂತಾರ. ನಾ ಇದ್ದೀನಿ, ಕೇಳೂದು ರೂಢಿ ಆಗೇದ. ಅವರಿಗೆ ಯಾರ ಅದಾರ ಉತ್ತರಾ ಕೊಡಾಕ? ನನ್ನ ಮ್ಯಾಲೇ ಇರಲಿ ಬಿಡ್ರಿ.”

ನಾನು ವಾದಿಸಿದೆ, ಸತ್ಯ ಎಂಬುದು ಒಬ್ಬರ ಸೊತ್ತಲ್ಲ ಎಂದೆ. ಸ್ವಾರಗೇಟಿನಲ್ಲಿ ಇಳಿದು ನಡೆಯುವಾಗ ಅವರು ತಮ್ಮಷ್ಟಕ್ಕೆ, “ದೋಣಿಯೂ ಇಲ್ಲ, ಬಲಿಯೂ ಇಲ್ಲ,” ಎಂದುಕೊಂಡದ್ದು ಕೇಳಿಸಿತು. ಅವರಿಗೆ ಬೇಕಾದದ್ದು ಬಿಡುಗಡೆಯಲ್ಲ, ಅಣ್ಣನ ಆ ಮಾತು ಎಂದು ನನಗೆ ಆಗ ತಿಳಿಯಿತು. ಅವರಿರುವ ತನಕ ನಾನು ಬಾಯಿ ಬಿಡಲಿಲ್ಲ. ಯಾರ ಮಾತಿಗೂ ನಾನು ಹಾಗೆ ಸುಮ್ಮನಿದ್ದವನಲ್ಲ.

ಹೋದ ವರ್ಷ ಅತ್ತಿಗೆ ತೀರಿಕೊಂಡರು. ಈ ಸಲದ ಶ್ರಾದ್ಧದ ದಿನ ಅಕ್ಕ ಮೊಮ್ಮಗನ ಹೊಸ ಹೆಂಡತಿಗೆ ಅದೇ ಕಥೆಯನ್ನು ಹೇಳಿದಳು. ಎದ್ದು ಒಳಗೆ ಹೋಗುವವರು ಈಗ ಯಾರೂ ಇರಲಿಲ್ಲ. ಆ ಹುಡುಗಿ ಅತ್ತಿಗೆಯ ಮುಖ ಕಂಡವಳಲ್ಲ. “ಪಾಪ, ಸರಿಯಾಗಿ ಓದಬೇಕಿತ್ತು,” ಎಂದಳು. ಅದಕ್ಕಾಗಿ ಇದನ್ನು ಬರೆದೆ. ಅಣ್ಣನ ಪರವಾಗಿ ಉತ್ತರ ಕೊಡಲು ನಾನಿದ್ದೇನೆ.

ನಂಬದವರು ನೋಡಬಹುದು. ನಮ್ಮ ಪೇಠೆಯ ವಾಚನಾಲಯದಲ್ಲಿ ಆ ಮಾರ್ಚಿನ ಸಂಪುಟ ಇನ್ನೂ ಇದೆ; ಹೋಳಿಯ ನಂತರದ ವಾರ, ಒಳಪುಟ, ಕರಾವಳಿಯ ಅಂದಾಜಿನ ಕೊನೆಯ ಸಾಲು. ಕಾಕು ಸಾಸವಡದಲ್ಲಿ ಮಗಳ ಮನೆಯಲ್ಲಿದ್ದಾರೆ. ಎಡಗಿವಿ ಮಂದವಾಗಿದೆ, ಬಲಗಡೆ ಕುಳಿತು ಕೇಳಬೇಕು.