ಇನ್ನೊಮ್ಮೆ ಬಂದು ನೋಡ್ರಿ ಎಂದು ಕೊಟ್ಟ ಅರ್ಜಿ

ರಾಜ್ಯ ಒಂದಾಗಿ ಎರಡು ವರ್ಷ ಕಳೆದಿತ್ತು. ನಾನು ಗುತ್ತೂರಿನ ಶಾಲೆಯಲ್ಲಿ ಮೂರನೇ ಕ್ಲಾಸಿಗೆ ಪಾಠ ಹೇಳುತ್ತಿದ್ದೆ. ಮನೆ ದಾವಣಗೆರೆಯ ಮಂಡಿಪೇಟೆ ಹಿಂದಿನ ಓಣಿಯಲ್ಲಿ. ದಿನಾ ರೈಲಿನಲ್ಲಿ ಹರಿಹರಕ್ಕೆ ಹೋಗಿ, ಅಲ್ಲಿಂದ ಗುತ್ತೂರಿಗೆ ನಡೆಯುತ್ತಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಇನ್ಸ್‌ಪೆಕ್ಟರ್ ಸಾಹೇಬರು ಬಂದು, ಪಾಠ ನೋಡಿ, ನಾಲ್ಕು ಒಳ್ಳೆಯ ಮಾತು ಬರೆದರಷ್ಟೇ ಅದು ಆಗುವಂಥದ್ದು.

ಅವರು ಬರುವ ಸುದ್ದಿ ಮೂರು ದಿನ ಮೊದಲೇ ತಿಳಿಯಿತು. ಆಗ ಹತ್ತಿ ಬಿಡಿಸುವ ಕಾಲ. ನನ್ನ ಕ್ಲಾಸಿನ ಅರ್ಧಕ್ಕರ್ಧ ಮಕ್ಕಳು, ಅದರಲ್ಲೂ ಹುಡುಗಿಯರು, ತಾಯಂದಿರ ಜೊತೆ ಹೊಲದಲ್ಲಿರುತ್ತಿದ್ದರು. ನಮ್ಮ ಹೆಡ್‌ಮೇಷ್ಟ್ರು ಕೆಟ್ಟವರಲ್ಲ, ಆದರೆ ತಪಾಸಣೆ ಎಂದರೆ ಅವರಿಗೆ ನಡುಕ.

"ನಾಲ್ಕನೇ ಕ್ಲಾಸಿನ ಮಕ್ಕಳನ್ನ ಒಂದಿಷ್ಟು ನಿಮ್ಮಲ್ಲಿ ಕೂಡ್ರಿಸ್ತೀನಿ. ಹಾಜರಿನೂ ಹಂಗೇ ತುಂಬಿಬಿಡ್ರಿ. ಎಲ್ಲಾ ಕಡೆ ಮಾಡ್ತಾರೆ" ಅಂದರು.

"ಬರದೇ ಇರೋ ಮಗು ಬಂದೈತೆ ಅಂತ ನಾನು ಬರೆಯಲ್ಲ ಸಾರ್" ಅಂದೆ.

ಸಾಹೇಬರು ಸೈಕಲ್ಲಿನಲ್ಲಿ ಬಂದರು. ದಪ್ಪ ಗಾಜಿನ ಕನ್ನಡಕ, ಮಾತು ಕಡಿಮೆ. ಹಾಜರಿ ಪುಸ್ತಕ ನೋಡಿದರು, ಖಾಲಿ ಚಾಪೆ ನೋಡಿದರು. ಒಬ್ಬ ಹುಡುಗನಿಂದ ಏಳರ ಮಗ್ಗಿ ಹೇಳಿಸಿ ಹೊರಟೇಬಿಟ್ಟರು. ಎಲ್ಲ ಸೇರಿ ಹತ್ತು ನಿಮಿಷವೂ ಆಗಿರಲಿಲ್ಲ. ಶಾಲೆಯ ಪುಸ್ತಕದಲ್ಲಿ ನನ್ನ ಬಗ್ಗೆ ಎರಡೇ ಸಾಲು: "ಹಾಜರಾತಿ ತೀರಾ ಕಡಿಮೆ. ಶಿಕ್ಷಕಿಗೆ ಆಸಕ್ತಿ ಸಾಲದು."

ಮೊದಲನೆಯ ಸಾಲು ನಿಜ. ಎರಡನೆಯದು ಎದೆಗೆ ನಾಟಿತು.

ಅಪ್ಪ ಮಂಡಿಯ ಅಂಗಡಿಯೊಂದರಲ್ಲಿ ಗುಮಾಸ್ತರು. ಇಡೀ ಜೀವನ ಇನ್ನೊಬ್ಬರ ಮಾತಿಗೆ ಹೂಂ ಅಂದು ಬದುಕಿದವರು. "ಬರೆದದ್ದು ಬರೆದಾಯ್ತು. ಸಾಹೇಬ್ರ ಕೂಡ ವಾದ ಬ್ಯಾಡವ್ವ. ಮುಂದಿನ ವರ್ಷ ನೋಡಿದ್ರಾತು" ಅಂದರು.

"ಮುಂದಿನ ವರ್ಷಾನೂ ಹತ್ತಿ ಬೆಳೀತಾರಪ್ಪ" ಅಂದೆ.

ಮರುದಿನ ಶಾಲೆ ಬಿಟ್ಟ ಮೇಲೆ ಹೊಲಗಳಿಗೇ ಹೋದೆ. ಒಬ್ಬ ತಾಯಿ ಮಡಿಲ ತುಂಬ ಹತ್ತಿ ಕಟ್ಟಿಕೊಂಡು, ಕೈ ನಿಲ್ಲಿಸದೆಯೇ ಮಾತಾಡಿದಳು. "ಮಗಳನ್ನ ಬಿಟ್ರೆ ನನಗ್ಯಾರು ಆಗ್ತಾರ‍್ರಿ ಟೀಚರಮ್ಮ? ಆದ್ರೆ ಇಬ್ಬನಿ ಆರೋ ಮಟ ಹತ್ತಿ ಬಿಡ್ಸಂಗಿಲ್ಲ. ಬೇಕಂದ್ರೆ ಅಷ್ಟೊತ್ತು ಕಳಿಸ್ತೀನಿ."

ನನಗೆ ಅಷ್ಟೇ ಸಾಕಾಗಿತ್ತು. ನಸುಕಿನ ಗಾಡಿ ಹಿಡಿಯತೊಡಗಿದೆ. ಬಿಸಿಲು ಬಲಿಯುವವರೆಗೆ ಶಾಲೆಯ ಜಗಲಿಯಲ್ಲಿ ಹುಡುಗಿಯರಿಗೆ ಓದು, ಉಕ್ತಲೇಖನ. ಆಮೇಲೆ ಅವರು ಹೊಲಕ್ಕೆ, ನಾನು ಕ್ಲಾಸಿಗೆ. ಚಳಿಗೆ ಬಳಪ ಹಿಡಿಯಲಾಗದೆ ಮಕ್ಕಳು ಬೆರಳಿಗೆ ಬಾಯಿಯ ಉಸಿರು ಊದಿಕೊಳ್ಳುತ್ತಿದ್ದವು. ಒಂದು ತಿಂಗಳು ಹೀಗೆ ನಡೆದ ಮೇಲೆ ಅರ್ಜಿ ಬರೆದು, ಹರಿಹರದ ಕಚೇರಿಗೆ ನಾನೇ ತೆಗೆದುಕೊಂಡು ಹೋದೆ.

ಅಲ್ಲಿನ ಗುಮಾಸ್ತ ಓದಿ ನಕ್ಕ. "ನನ್ನ ತಪಾಸಣೆ ಇನ್ನೊಮ್ಮೆ ಮಾಡ್ರಿ ಅಂತ ಯಾರಾದ್ರೂ ಅರ್ಜಿ ಕೊಡ್ತಾರೇನ್ರಿ?"

ಒಳಗೆ ಕೂತಿದ್ದ ಸಾಹೇಬರು ಓದಿ ನಗಲಿಲ್ಲ. "ನಾನು ಬರೆದಿದ್ದು ಸುಳ್ಳು ಅಂತೀರೇನು?"

"ಹಾಜರಾತಿದು ನಿಜ ಸಾರ್. ನನ್ನ ಆಸಕ್ತಿ ಎಷ್ಟೈತೆ ಅಂತ ನೀವು ನೋಡ್ಲಿಲ್ಲ. ಒಂದು ಇಡೀ ಹೊತ್ತು ಕೂತು ನೋಡ್ರಿ. ಆಮೇಲೂ ಅದನ್ನೇ ಬರೆದ್ರೆ ನಾನು ಮಾತಾಡಲ್ಲ."

ಅವರು ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. "ಹೋಗ್ರಿ" ಅಂದರು, ಅಷ್ಟೇ.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಹೇಳದೆ ಕೇಳದೆ, ಜಗಲಿಯ ಪಾಠದ ಹೊತ್ತಿಗೇ ಬಂದುಬಿಟ್ಟರು. ಹಿಂದಿನ ಚಾಪೆಯ ಮೇಲೆ ಕೂತರು. ಹುಡುಗಿಯರು ಓದಿದರು, ತಡವರಿಸಿದರು, ತಿದ್ದಿಕೊಂಡು ಮತ್ತೆ ಓದಿದರು. ಹತ್ತಿಕಾಯಿಯ ಸಿಪ್ಪೆ ಗೀರಿದ ಬೆರಳುಗಳಲ್ಲೇ ಬರೆದರು. ಸಾಹೇಬರು ಅವರ ಸ್ಲೇಟುಗಳನ್ನು ಒಂದೊಂದಾಗಿ ತರಿಸಿಕೊಂಡು ನೋಡಿದರು. ಹುಡುಗಿಯರು ಹೊಲಕ್ಕೆ ಹೋದ ಮೇಲೂ ಹೊರಡದೆ, ಮಧ್ಯಾಹ್ನದವರೆಗೆ ಕ್ಲಾಸಿನಲ್ಲಿ ಕೂತರು.

ಮಕ್ಕಳನ್ನು ಊಟಕ್ಕೆ ಬಿಟ್ಟ ಮೇಲೆ ನನ್ನನ್ನು ಕರೆದರು. "ಮಕ್ಕಳು ಕಲಿತಾವೆ. ನಾನು ಅವಸರ ಮಾಡಿದ್ದೆ. ಆದ್ರೆ ಒಂದು ಮಾತು. ನೀವು ಪ್ರಶ್ನೆ ಕೇಳಿದ್ದೆಲ್ಲಾ ಮುಂದೆ ಕೂತ ನಾಕು ಮಕ್ಕಳಿಗೆ. ಗೋಡೆಗೆ ಒರಗಿ ಕೂತ ಆ ಹುಡುಗಿಗೆ ಒಂದು ಸಲಾನೂ ಕೇಳಲಿಲ್ಲ. ಯಾಕ?"

ಅವರು ಹೇಳಿದ್ದು ಖರೆ. ಉತ್ತರ ಬೇಗ ಬರುವ ಕಡೆಗೇ ನನ್ನ ಕಣ್ಣು ಹೋಗುತ್ತಿತ್ತು.

ಹಳೆಯ ಸಾಲನ್ನು ಅವರು ಹೊಡೆದುಹಾಕಲಿಲ್ಲ. ಅದರ ಕೆಳಗೆ ಅರ್ಧ ಪುಟ ಹೊಸದಾಗಿ ಬರೆದರು. ಯುಗಾದಿಗೆ ಮುಂಚೆ ಕಾಯಂ ಆದೇಶ ಬಂತು. ಅಪ್ಪ ಅದನ್ನು ಎರಡು ಸಲ ಓದಿ ನನ್ನ ಕೈಗೆ ಕೊಟ್ಟರು.

ಸಾಹೇಬರು ಬಂದುಹೋದ ಮರುದಿನದಿಂದಲೇ ಗೋಡೆ ಪಕ್ಕದ ಸಾಲಿನಿಂದ ಪ್ರಶ್ನೆ ಶುರು ಮಾಡಿದೆ. ಮೊದಲ ವಾರ ಆ ಹುಡುಗಿ ಬಾಯಿ ಬಿಡಲಿಲ್ಲ. ನಾನೂ ಪಟ್ಟು ಬಿಡಲಿಲ್ಲ. ಎಂಟನೇ ದಿನ ತಲೆ ಎತ್ತದೆ ಒಂದು ಪದ ಹೇಳಿದಳು, ಅದೂ ತಪ್ಪಾಗಿ.

"ಇನ್ನೊಂದು ಸಲ ಹೇಳವ್ವ" ಅಂದೆ.